ಹಿಂದಿನ ಬಾಜು

ನೂಲಿನ ಸೀರೆಗೆ ಗಂಜಿ ಹಾಕುವ ಕೆಲಸವನ್ನು ನಾನು ಇನ್ನೂ ಅಂಗಡಿಯ ಬಾಟಲಿಗೆ ಬಿಟ್ಟುಕೊಟ್ಟಿಲ್ಲ. ಅನ್ನ ಬಸಿದ ನೀರನ್ನು ಒಂದು ದಿನ ಮುಚ್ಚಿಟ್ಟು, ಸೋಸಿ, ಸೀರೆಯನ್ನು ಅದರಲ್ಲಿ ಅದ್ದಿ ಹಿಂಡುತ್ತೇನೆ. ಆಗ ಏಳುವ ಹುಳಿಹುಳಿ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಬಾಜು ಮನೆಯವರು ಕಿಟಕಿ ಮುಚ್ಚಿಕೊಳ್ಳುವುದನ್ನು ನಾನು ಕಂಡೂ ಕಾಣದ ಹಾಗೆ ಇರುತ್ತೇನೆ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅದು ತವರಿನ ವಾಸನೆ. ನಿಮಗೂ ಇಂಥದೊಂದು ಇರಬಹುದು, ಪರರಿಗೆ ಹೇಳಿಕೊಳ್ಳಲಾಗದಂಥದ್ದು.

ಮೊನ್ನೆ ಆ ವಾಸನೆ ಬಂದಾಗ ನನಗೆ ತವರು ನೆನಪಾಗಲಿಲ್ಲ. ಖಾನಾಪುರದ ಒಂದು ಚಿತ್ರ ನೆನಪಾಯಿತು. ಚಿತ್ರ ಎಂದೆನಲ್ಲ, ಖರೇ ಹೇಳಬೇಕೆಂದರೆ ಚಿತ್ರದ ಬೆನ್ನು.

ನಮ್ಮಪ್ಪ ಬೆಳಗಾವಿಯ ಶಹಾಪುರದಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟದ ಹೊತ್ತಿಗೆ ಕರೆದರೂ "ಈ ದಡಿ ಮುಗಸಿ ಬರ್ತೇನಿ" ಎನ್ನುವವನು. ದಡಿ ಎಂದರೆ ಸೀರೆಯ ಅಂಚು. ಬೇರೆಯವರಿಗೆ ಅದು ಅಂಚು ಅಷ್ಟೆ. ಅಪ್ಪನಿಗೆ ಬಟ್ಟೆಯ ಮಾನವೆಲ್ಲ ಅದರಲ್ಲೇ ಇತ್ತು. ಯಾರ ಮನೆಗೆ ಹೋದರೂ ಬಾಗಿಲ ಪರದೆಯನ್ನೋ ಹಾಸಿಗೆಯ ಚಾದರವನ್ನೋ ಮೆಲ್ಲಗೆ ತಿರುವಿ ಅದರ ಹಿಂಬದಿ ನೋಡುವುದು ಅವನ ಚಾಳಿ. ಮುಂದಿನ ಬದಿ ಯಾರು ಬೇಕಾದರೂ ಚಂದ ಮಾಡುತ್ತಾರೆ, ನೇಯ್ದವನ ಗುಣ ಗೊತ್ತಾಗುವುದು ಹಿಂದೆ ಎಂಬುದು ಅವನ ಲೆಕ್ಕ. ನನ್ನನ್ನು ನೋಡಲು ಬಂದ ಬೀಗರ ಹೆಗಲ ಮೇಲಿನ ಶಲ್ಯವನ್ನೂ ಹೀಗೆ ತಿರುವಿದ್ದ. ಆ ಸಂಬಂಧ ಕೂಡಿತು. ಶಲ್ಯ ಚಲೋ ಇದ್ದಿರಬೇಕು.

ಅಪ್ಪನ ಹತ್ತಿರ ಖಾನಾಪುರದಿಂದ ಒಬ್ಬ ಡ್ರಾಯಿಂಗ್ ಮಾಸ್ತರರು ಬರುತ್ತಿದ್ದರು. ಉದ್ದನೆಯ ಕೈ, ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು. ಮನೆಮಾತು ಮರಾಠಿಯಾದರೂ ನಮ್ಮ ಜೊತೆ ನಮ್ಮಂತೆಯೇ ಮಾತಾಡುವವರು. ಜಾಂಬೋಟಿಯ ಕಡೆಯಿಂದ ಮಣ್ಣು ತಂದು, ಅರೆದು, ಅಂಟು ಕಲಸಿ ಬಣ್ಣ ಮಾಡುತ್ತಿದ್ದರು. ಬಣ್ಣ ಹಚ್ಚಲು ಅವರಿಗೆ ಕೈಮಗ್ಗದ ಬಿಳಿ ಬಟ್ಟೆ ಬೇಕಿತ್ತು, ಸಾದಾ, ದಡಿ ಇಲ್ಲದ್ದು.

ಅಪ್ಪ ಒಪ್ಪಲಿಲ್ಲ. "ದಡಿ ಇಲ್ಲದ ಬಿಳಿ ಬಟ್ಟಿ ಎದಕ್ಕ ಬೇಕಾಗತೈತಿ ಅನ್ನೂದು ನಿಮಗೂ ಗೊತ್ತೈತಿ ಮಾಸ್ತರ. ಮಣ್ಣಿಗೆ ಇಡೂ ಮುಂದ ಹೊಚ್ಚತಾರ. ಅಂಥಾದ್ದು ನಮ್ಮ ಮಗ್ಗಕ್ಕ ಏರೂದಿಲ್ಲ" ಎಂದ. ಕೊನೆಗೆ ಎರಡೂ ಬದಿಗೆ ಕಿರುಬೆರಳಗಲ ಕೆಂಪು ದಡಿ ಹಾಕಿ ಒಂದು ಇಡೀ ತಾನು ಬಟ್ಟೆ ನೇಯ್ದುಕೊಟ್ಟ. ಮಾಸ್ತರರು ಅದನ್ನು ಬಗಲಲ್ಲಿ ಇಟ್ಟುಕೊಂಡು, ಹೊಸ ಮದುಮಗನ ಹಾಗೆ ಬಸ್‌ ಹತ್ತಿ ಹೋದರು.

ಅವರ ಚಿತ್ರಗಳಲ್ಲಿ ಮನುಷ್ಯರು ಇರುತ್ತಿರಲಿಲ್ಲ, ಗಿಡ ಇರುತ್ತಿರಲಿಲ್ಲ, ದೇವರೂ ಇರುತ್ತಿರಲಿಲ್ಲ. ಒಂದು ದೊಡ್ಡ ಕೆಂಪು, ಅದರೊಳಗೆ ಒಂದು ಕಪ್ಪು, ಎಲ್ಲೋ ಮೂಲೆಯಲ್ಲಿ ಹಸಿಭತ್ತದ ಹಸಿರು ಒಂದು ಚೂರು. ಮಾಡರ್ನ್ ಆರ್ಟ್ ಎನ್ನುತ್ತಿದ್ದರು. ಅವನ್ನು ಖಾನಾಪುರದ ಒಂದು ಸಭಾಗೃಹದಲ್ಲಿ ಮೊದಲ ಸಲ ತೂಗುಹಾಕಿದಾಗ ಅಪ್ಪನನ್ನೂ ಕರೆದಿದ್ದರು. ನಾನೂ ಹೋಗಿದ್ದೆ. ಎಲ್ಲರೂ ಚಿತ್ರದ ಮುಂದೆ ನಿಂತು ಕತ್ತು ಓರೆ ಮಾಡುತ್ತಿದ್ದರೆ, ಅಪ್ಪ ಇನ್ನೂ ಗೋಡೆ ಏರದೆ ಕೆಳಗಿದ್ದ ಒಂದು ಚಿತ್ರವನ್ನು ಹಿಡಿದು, ತನ್ನ ಚಾಳಿಯಂತೆ, ತಿರುವಿಬಿಟ್ಟ.

ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಎಳೆದು, ಅಂಚನ್ನು ಹಿಂದಕ್ಕೆ ಮಡಚಿ, ಮೊಳೆ ಹೊಡೆದಿದ್ದರು. ಸಾಲಾಗಿ, ಕೆಂಪು ದಡಿಯ ನಟ್ಟನಡುವೆ.

"ಮಾಸ್ತರ, ದಡಿಗೆ ಮೊಳಿ ಹೊಡದೀರಿ?"

ಮಾಸ್ತರರು ಸಂಭ್ರಮದಲ್ಲಿದ್ದರು. ನಕ್ಕು, "ಹಿಂದಿಂದು ಯಾರ್ ನೋಡ್ತಾರ್ರಿ ಅಣ್ಣಾರ! ಬರ್ರಿ, ಚಾ ಕುಡಿಯೂಣು" ಎಂದರು.

ಅಪ್ಪ ಚಹಾ ಕುಡಿಯಲಿಲ್ಲ. ಸೀದಾ ಬೆಳಗಾವಿಯ ಬಸ್‌ ಹತ್ತಿದ. ಮನೆಯೊಳಗೆ ಕಾಲಿಟ್ಟವನು "ಇನ್ನ ಅವರಿಗೆ ನಮ್ಮ ಬಟ್ಟಿ ಇಲ್ಲ" ಎಂದ. ಮಾಸ್ತರರು ಎರಡು ಸಲ ಮನೆಗೆ ಬಂದರು. ಎರಡೂ ಸಲ ಅಪ್ಪ ಕುಣಿಯೊಳಗಿಂದ ಏಳದೆ ಲಾಳಿ ಆಡಿಸುತ್ತಲೇ ಇದ್ದ. ಮೂರನೆಯ ಸಲ ಅವರು ಬರಲಿಲ್ಲ.

ಇಲ್ಲಿಯತನಕ ಅಪ್ಪನ ಹಟದ ಕತೆ. ಇನ್ನು ಮುಂದಿನದು ನನ್ನದು. ಅದನ್ನು ಹೇಳಲು ನಾಲಿಗೆ ಸ್ವಲ್ಪ ತಡೆಯುತ್ತದೆ.

ಅದಾಗಿ ಒಂದು ವರ್ಷದ ಮೇಲೆ, ಕಾಲೇಜಿನ ಗೆಳತಿಯ ಮನೆಗೆಂದು ಖಾನಾಪುರಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರರು ಸಿಕ್ಕರು. ನನ್ನ ಓದು, ಅವ್ವನ ಮಂಡಿನೋವು ಎಲ್ಲ ವಿಚಾರಿಸಿದರು. ಬಸ್‌ ಬಂತು. ನಾನು ಹತ್ತಿ ಕಿಟಕಿಗೆ ಕೂತ ಮೇಲೆ ಹತ್ತಿರ ಬಂದು ಹೇಳಿದರು: "ತಂಗೀ, ಅಪ್ಪಾರಿಗೆ ಒಂದ ಮಾತ ಹೇಳು. ಒಮ್ಮೆ ಬಂದು ಚಿತ್ರದ ಹಿಂದಿನ ಬಾಜು ನೋಡಿ ಹೋಗ್ರಿ ಅಂತ. ಮುಂದಿಂದು ಬ್ಯಾಡ. ಹಿಂದಿಂದು ಅಷ್ಟ. ಮರೀಬ್ಯಾಡ ಮತ್ತ."

"ಹೇಳ್ತೇನ್ರೀ ಮಾಸ್ತರ" ಎಂದೆ.

ಮನೆಗೆ ಬಂದರೆ ಮಗ್ಗಕ್ಕೆ ಏರಿಸಿದ ಹಾಸಿನ ಎಳೆಗಳು ಹರಿದು ಅಪ್ಪನ ಮೋರೆ ಕೆಂಪಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗೆ ಏನೋ ಬಂತು. ಆಮೇಲೆ ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ನೆನಪಾಯಿತು. ಆಗ ಹೇಳಿದರೆ 'ಇಷ್ಟ ದಿನ ಎಲ್ಲಿಟ್ಟಿದ್ದಿ' ಎಂದು ಕೇಳುತ್ತಾನೆಂಬ ಅಂಜಿಕೆ ಶುರುವಾಗಿತ್ತು. ನೀವು ಗಮನಿಸಿದ್ದೀರೋ ಇಲ್ಲವೋ, ಹೇಳಬೇಕಾದ ಮಾತು ತಡವಾದಷ್ಟೂ ಸಣ್ಣದಾಗುವುದಿಲ್ಲ, ಭಾರವಾಗುತ್ತದೆ. ನನ್ನ ಮದುವೆಯಾಯಿತು. ನಾಲ್ಕು ವರ್ಷದಲ್ಲಿ ಮಾಸ್ತರರು ತೀರಿಕೊಂಡ ಸುದ್ದಿ ಬಂತು. ಅಪ್ಪ ಅಂದು ಮಗ್ಗಕ್ಕೆ ಕೂರಲಿಲ್ಲ, ಆದರೆ ಮಣ್ಣಿಗೂ ಹೋಗಲಿಲ್ಲ. ನಾನು ಆಗಲೂ ಆ ಮಾತು ಹೇಳಲಿಲ್ಲ.

ಈಗ ಅಪ್ಪನಿಗೆ ಎಂಬತ್ತು ದಾಟಿದೆ. ಅವ್ವ ಹೋದ ಮೇಲೆ ನಮ್ಮ ಜೊತೆಗೇ ಇದ್ದಾನೆ, ಮಾಳಿಗೆಯ ಕೋಣೆ ಅವನದು. ಮಗ್ಗ ಬಿಚ್ಚಿ ಎಷ್ಟೋ ಕಾಲವಾಯಿತು. ಅವನು ನೇಯ್ದ ಸೀರೆಗಳು ಉಟ್ಟು ಹರಿದು, ಕೌದಿಯಾಗಿ, ಕೌದಿಯೂ ಸವೆದು ಒರೆಸುವ ಬಟ್ಟೆಯಾಗಿ ಮುಗಿದುಹೋದವು. ಮೂರು ತಿಂಗಳ ಹಿಂದೆ, ಮಾಸ್ತರರ ಚಿತ್ರಗಳಿಗೆಂದೇ ಅವರ ಹಳೆಯ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆಂದು ಪೇಪರಿನಲ್ಲಿ ಬಂತು. ಅಪ್ಪ ಆ ಪುಟವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡದ್ದನ್ನು ಹಾಸಿಗೆ ಝಾಡಿಸುವಾಗ ನೋಡಿದೆ.

"ಹೋಗೂಣೇನು?" ಎಂದೆ.

"ಗ್ವಾಡಿ ನೋಡಾಕ ಖಾನಾಪುರತನಾ ಹೋಗಬೇಕ? ಇಲ್ಲೇ ಅದಾವಲ್ಲ ನಾಕು" ಎಂದ. ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಏಳಕ್ಕೇ ಕೆಳಗೆ ಬಂದು ಕೂತಿದ್ದ.

ಮ್ಯೂಸಿಯಂ ಎಂದರೆ ದೊಡ್ಡದೇನಲ್ಲ. ಹಂಚಿನ ಮನೆ, ಸುಣ್ಣ ಬಳಿದ ಐದು ಕೋಣೆಗಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನೋಡಿಕೊಳ್ಳುವವರು ಮಾಸ್ತರರ ಮಗಳು ಶೈಲಾ, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ನಾವು ಯಾರೆಂದು ಹೇಳಿಕೊಳ್ಳಲಿಲ್ಲ. ಅಪ್ಪ ಬೇಡವೆಂದು ಕಣ್ಸನ್ನೆ ಮಾಡಿದ್ದ.

ಅವನು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಚಿತ್ರದ ಮುಂದೆ ನಿಂತ. ಮುಂದೆ ಎಂದರೆ ಪೂರ್ತಿ ಮುಂದೆಯಲ್ಲ, ಬದಿಗೆ. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಒಂದು ಕಣ್ಣು ಇಟ್ಟು ಇಣುಕುತ್ತಿದ್ದ. "ಅಜ್ಜಾರ, ಮುಟ್ಟಬ್ಯಾಡ್ರಿ" ಎಂದು ಶೈಲಾ ಎರಡು ಸಲ ಹೇಳಿದರು. ಮೂರನೆಯ ಕೋಣೆಯಲ್ಲಿ ಒಂದು ಚಿತ್ರದ ಕೆಳಗಿನ ಚೀಟಿಯನ್ನು ಅಪ್ಪ ಗಟ್ಟಿಯಾಗಿ ಓದಿದ: "ಕೈಮಗ್ಗದ ಬಟ್ಟೆಯ ಮೇಲೆ ಮಣ್ಣಿನ ಬಣ್ಣ." ಓದಿ, ಯಾರಿಗೂ ಅಲ್ಲದ ಹಾಗೆ ಕೇಳಿದ: "ಕೈಮಗ್ಗ ಅಂದ್ರ, ಯಾರ ಕೈ?"

ಅದು ಅದೇ ಚಿತ್ರ. ಅಂದು ಅವನು ತಿರುವಿದ್ದು. ಮೂಲೆಯ ಹಸಿರು ಚೂರಿನಿಂದ ನನಗೆ ಗುರುತು ಸಿಕ್ಕಿತು.

ಈಗ ಸುಮ್ಮನೆ ಹೊರಟುಬಿಟ್ಟರೆ ಅಪ್ಪ ಇನ್ನೊಂದು ಸಲ ಇಲ್ಲಿಗೆ ಬರುವ ವಯಸ್ಸಿನವನಲ್ಲ. ಶೈಲಾರ ಹತ್ತಿರ ಹೋಗಿ, "ಇದರ ಹಿಂದಿನ ಬಾಜು ಒಮ್ಮೆ ತೋರಸ್ತೀರೇನ್ರಿ?" ಎಂದೆ.

"ಹಂಗ ಇಳಸೂದಿಲ್ರಿ ಅಕ್ಕಾರ. ಒಬ್ಬರಿಗೆ ಇಳಸಿದ್ರ ಎಲ್ಲಾರೂ ಕೇಳ್ತಾರ."

"ನಿಮ್ಮ ಅಪ್ಪಾರ ಹೇಳಿದ್ರು ರೀ. ಇವರು ಬಂದು ಹಿಂದಿನ ಬಾಜು ನೋಡ್ಲಿ ಅಂತ."

ಅಪ್ಪ ತಿರುಗಿ ನೋಡಿದ. "ಯಾವಾಗ ಹೇಳಿದ್ರು?"

"ನಾ ಕಾಲೇಜಿಗೆ ಹೋಗೂ ಮುಂದ. ಬಸ್‌ಸ್ಟ್ಯಾಂಡಿನಾಗ."

ಅವನು ಮತ್ತೆ ಚಿತ್ರದ ಕಡೆ ತಿರುಗಿದ. ಶೈಲಾ ಮಾತ್ರ ಅವನನ್ನು ಅಡಿಯಿಂದ ಮುಡಿಯತನಕ ನೋಡಿ, "ನೀವು ಶಹಾಪುರದ ಅಣ್ಣಾರೇನ್ರಿ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮೇಜಿನ ಮೇಲೆ ಚಾದರ ಹಾಸಿದರು. ಅವರೊಂದು ಬದಿ, ನಾನೊಂದು ಬದಿ ಹಿಡಿದು ಚಿತ್ರ ಇಳಿಸಿ ಬೋರಲು ಮಲಗಿಸಿದೆವು.

ದಡಿಯ ಕೆಂಪು ಇನ್ನೂ ಕೆಂಪಾಗಿಯೇ ಇತ್ತು. ಬೆಳಕು ಬೀಳದ ಬದಿಯಲ್ಲವೇ. ದಡಿಯಲ್ಲಿ ಮೊಳೆ ಇರಲಿಲ್ಲ. ಮೊಳೆ ಇದ್ದ ಜಾಗದಲ್ಲಿ ತುಕ್ಕಿನ ಕಲೆ ಸುತ್ತಿಕೊಂಡ ಸಣ್ಣ ಸಣ್ಣ ತೂತುಗಳು, ಖಾಲಿ. ಒಂದು ಬೆರಳು ಒಳಗೆ, ಬಿಳಿಯ ಮೇಲೆ, ಹೊಸದಾಗಿ ಮೊಳೆ ಹೊಡೆದಿತ್ತು. ದಡಿ ಮುಕ್ತವಾಗಿತ್ತು.

"ಇದೊಂದ ಅಲ್ರಿ, ಆ ತಾನಿಂದು ಎಲ್ಲಾ ಬಿಚ್ಚಿ ಮತ್ತ ಹೊಡದ್ರು" ಎಂದರು ಶೈಲಾ. "ಚೌಕಟ್ಟ ಸುದ್ದಾ ಹೊಸಾವು ಮಾಡಸಿದ್ರು. ಅವ್ವ ಬೈದಳು, ಯಾರ್ ನೋಡ್ತಾರಂತ ಇಷ್ಟ ತ್ರಾಸ ಅಂತ. ಒಬ್ಬರು ನೋಡ್ತಾರ, ಬರ್ತಾರ ತಡಿ ಅಂತಿದ್ರು."

ಅಪ್ಪ ಚಷ್ಮಾ ಏರಿಸಿಕೊಂಡು ಬೆರಳ ತುದಿಯನ್ನು ಒಂದೊಂದು ತೂತಿನ ಮೇಲೂ ಇಟ್ಟುಕೊಂಡು ಆ ತುದಿಯಿಂದ ಈ ತುದಿಗೆ ಬಂದ. ಈ ಸಲ ಶೈಲಾ ಮುಟ್ಟಬೇಡಿ ಎನ್ನಲಿಲ್ಲ. ಕೊನೆಗೆ, "ಮೊಳಿ ಹೊಡೀಲಾರದ ಬಟ್ಟಿ ಹೆಂಗ ಬಿಗೀಬೇಕು ಮತ್ತ. ಅಂವಂದೇನ ತಪ್ಪು" ಎಂದ, ಎಳೆಗಳಿಗೆ ಹೇಳುವಷ್ಟು ಮೆಲ್ಲಗೆ. ಅವರು ಕೊಟ್ಟ ಚಹಾ ಕುಡಿದ. ಬಸಿಯಲ್ಲಿ ಹಾಕಿಕೊಂಡು, ಎರಡು ಕಪ್ಪು.

ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ತಾಟು ಇಟ್ಟರೆ ಉಣ್ಣುವನು, ತೊಳೆದಿಡುವನು, ಮಾಳಿಗೆ ಏರುವನು. ಬೈದಿದ್ದರೆ ಸಲೀಸಾಗುತ್ತಿತ್ತು. ನಾಲ್ಕನೆಯ ದಿನ ನಾನು ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುವಾಗ ಬಂದು ಎರಡು ಮೆಟ್ಟಿಲು ಮೇಲೆ ಕೂತ.

"ಅವತ್ತ ಹೇಳಿದ್ರೂ ನಾ ಹೋಗತಿದ್ನಿಲ್ಲ. ಸಿಟ್ಟ ಹಂಗಿತ್ತು" ಎಂದ.

ನನಗೆ ಹಗುರಾಗಲೆಂದು ಹಾಗೆಂದನೆ, ಅಥವಾ ಅದೇ ನಿಜವೆ? ಕೇಳಲಿಲ್ಲ. ಅವನೇ ಮತ್ತೆ ಅಂದ: "ಹೋಗತಿದ್ನಿಲ್ಲ ಅನ್ನೂದನ್ನ ನಾ ಹೇಳಬೇಕಾಗಿತ್ತವಾ. ನೀ ಅಲ್ಲ."

ಇದಕ್ಕಿಂತ ಸರಿಯಾದ ಬೈಗುಳ ನನಗೆ ಸಿಕ್ಕಿಲ್ಲ. ಅಂದಿನಿಂದ ಯಾರು ಏನು ಹೇಳಿ ಕಳಿಸಿದರೂ, ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟು ಸಮೇತ ಹೋಗಿ ಮುಟ್ಟಿಸಿ ಬರುತ್ತೇನೆ. ಹಜಾಮತಿಯವನು ಸೋಮವಾರ ಬರುವುದಿಲ್ಲವಂತೆ ಎಂಬಷ್ಟಕ್ಕೂ ಮೆಟ್ಟಿಲು ಹತ್ತುತ್ತೇನೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಮಂಡಿ ಒಂದು ನಗುವುದಿಲ್ಲ.

ಇಂದು ಮುಂಜಾನೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಶೈಲಾರ ಫೋನು ಬಂತು. ಚೀಟಿಯನ್ನು ಹೊಸದಾಗಿ ಬರೆಸುತ್ತಿದ್ದಾರಂತೆ, ನೇಯ್ದವರ ಹೆಸರೂ ಹಾಕಬೇಕೆಂದಿದ್ದಾರಂತೆ, ಅಣ್ಣಾರಿಗೆ ಕೇಳಿ ಹೇಳ್ರಿ ಎಂದರು. ಸೊಪ್ಪು ಅಲ್ಲೇ ಬಿಟ್ಟು ಮಾಳಿಗೆ ಏರಿದೆ. ಅಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಹೇಳಿದೆ.

"ಹೆಸರು ಬ್ಯಾಡ. ಹೆಸರ ಓದಿ ಯಾರಿಗೇನ ಆಗಬೇಕು. ವರ್ಷದಾಗ ಒಂದ ದಿನಾ ಚಿತ್ರ ತಿರುವಿ ಹಚ್ಚಾಕ ಹೇಳು. ಅಂವಾ ಮಾಡಿದ ಕೆಲಸ ಮಂದಿ ನೋಡ್ಲಿ" ಎಂದ. ಆಮೇಲೆ ನನ್ನ ಮುಖ ನೋಡಿ, "ಮತ್ತ ಯಾವಾಗ ಹೇಳಾಕಿ?" ಎಂದು ಕೇಳಿದ.

ನಾನು ಕೆಳಗೆ ಇಳಿಯಲಿಲ್ಲ. ಅವನೆದುರಿಗೇ ನಿಂತು ಫೋನು ಹಚ್ಚಿದೆ.