ಬಿರುಕಲ್ಲ, ಒಂದು ಬೆಳಗಿನ ಅಂಚು

ಬೆಳಗ್ಗೆ ಏಳೂವರೆಗೆ ಫೋನ್ ಬಂತು. ನಾನು ಓದಿದ ಬೋರ್ಡಿಂಗ್ ಶಾಲೆಯಲ್ಲಿ ಈಗ ಅಡುಗೆ ಮಾಡುವ ಹೆಂಗಸು. "ಟೀಚರ್, ಊಟದ ಹಾಲ್ ಗೋಡೆಗೆ ಪುಟ್ಟಿ ಬಳೀತಾವ್ರೆ. ಇವತ್ತೇ ಸುರು. ಆ ಕುರಿ ಚಿತ್ರನೂ ಓಯ್ತದೆ ಕಣಮ್ಮ."

ನನ್ನ ತಿಂಡಿ ಎಂಟಕ್ಕೆ. ಅವತ್ತು ಅದನ್ನು ಬಿಟ್ಟು ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ.

ಆ ಚಿತ್ರ ಬರೆದವರು ಬೆಲ್ಜಿಯಂನಿಂದ ಬಂದ ಒಬ್ಬ ಸಿಸ್ಟರ್. ಕಾನ್ವೆಂಟಿಗೆ ಸೇರುವ ಮೊದಲು ಅವರ ದೇಶದಲ್ಲಿ ನಾಲ್ಕು ವರ್ಷ ಚಿತ್ರಕಲೆ ಕಲಿತಿದ್ದರು. ಅಲ್ಲಿ ಹುಡುಗಿಯರ ಕೈಲಿ ಹೂವು, ಹಣ್ಣು, ಹೂಜಿ ಬರೆಸುತ್ತಿದ್ದರಂತೆ. ದೊಡ್ಡ ಗೋಡೆಗಳೆಲ್ಲ ಗಂಡಸರಿಗೆ. "ನನಗೆ ಗೋಡೆ ಬೇಕಿತ್ತು" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ಅದು ಸಿಕ್ಕಿದ್ದು ಇಲ್ಲಿ, ನಮ್ಮ ಊಟದ ಹಾಲಿನಲ್ಲಿ. ಅದಕ್ಕೂ ಹಿರಿಯ ಸಿಸ್ಟರ್ ಷರತ್ತು ಹಾಕಿದ್ದರು: ಪ್ರಾರ್ಥನೆ, ಪಾಠ, ತರಕಾರಿ ತೋಟ, ಯಾವುದೂ ತಪ್ಪಬಾರದು. ಉಳಿಯುತ್ತಿದ್ದದ್ದು ಬೆಳಗ್ಗೆ ಐದರಿಂದ ಆರೂವರೆ. ಸಿಸ್ಟರ್ ಸಾಕು ಎಂದರು.

ಬಣ್ಣ ಅರೆಯಲು ಬೋರ್ಡಿಂಗ್ ಹುಡುಗಿಯರಲ್ಲಿ ನನ್ನನ್ನು ಆರಿಸಿಕೊಂಡರು. ಚಿತ್ರ ಬರೆಯುತ್ತೇನೆಂದಲ್ಲ, ಗಂಟೆ ಹೊಡೆಯುವ ಮುಂಚೆ ಏಳುತ್ತೇನೆಂದು. ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲು, ಇಷ್ಟೇ ಬಣ್ಣ. ಆವತ್ತು ಬರೆಯಲು ಆಗುವಷ್ಟು ಜಾಗಕ್ಕೆ ಮಾತ್ರ ಸಿಸ್ಟರ್ ಸುಣ್ಣದ ಗಾರೆ ಹಚ್ಚುತ್ತಿದ್ದರು. ಅದು ಹಸಿ ಇರುವಾಗಲೇ ಬಣ್ಣ ಕುಡಿಯಬೇಕು. ಒಣಗಿದರೆ ಬಣ್ಣ ಹೊರಗೇ ನಿಲ್ಲುತ್ತದೆ. ಕನ್ನಡವನ್ನು ಅವರು ಅಡುಗೆಮನೆಯ ಹೆಂಗಸರಿಂದ ಕಲಿತಿದ್ದರು. ನಾನು ಒಂದು ಕ್ಷಣ ನಿಧಾನಿಸಿದರೂ ಕೂಗುತ್ತಿದ್ದರು: "ಸುಣ್ಣ ಕಾಯಾಕಿಲ್ಲ ಕಣಮ್ಮ, ಬ್ಯಾಗ!" ಆರೂವರೆಗೆ ಗಾರೆಯ ಅಂಚನ್ನು ಕರಣೆಯಿಂದ ಓರೆಯಾಗಿ ಕೊಯ್ದು, ಕೈ ತೊಳೆದು, ಪ್ರಾರ್ಥನೆಗೆ ಹೋಗುತ್ತಿದ್ದರು. ಮರುದಿನದ ಗಾರೆ ಆ ಅಂಚಿಗೆ ಬಂದು ಸೇರುತ್ತಿತ್ತು.

ಚಿತ್ರದಲ್ಲಿ ಕಬ್ಬಿನ ಹೊರೆ ಹೊತ್ತ ಹೆಂಗಸರಿದ್ದರು, ಕಾಲುವೆ ಇತ್ತು, ಕುರಿಗಳಿದ್ದವು. ಆ ಕುರಿಗಳಲ್ಲೇ ಸಿಸ್ಟರ್ ಎಡವಿದರು. ತಮ್ಮ ದೇಶದ ಕುರಿಯನ್ನು ನೆನಪಿನಿಂದ ಬರೆದುಬಿಟ್ಟಿದ್ದರು. ಗಂಜಿ ಹಂಡೆ ಹೊತ್ತು ಬಂದ ಆಗಿನ ಅಡುಗೆಯಾಕೆ ಅದನ್ನು ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇದ್ಯಾವೂರ್ ಕುರಿ ಸಿಸ್ಟರೇ? ಕತ್ತೆ ಕಾಲಂಗವೆ! ನಮ್ ಬಂಡೂರು ಕುರಿ ಇಂಗಿರಾಕಿಲ್ಲ. ಗಿಡ್ಡುಕ್ಕೆ, ದುಂಡುಗೆ, ನೆಲಕ್ಕೆ ಅಂಟ್ಕೊಂಡಂಗಿರ್ತವೆ."

ಸಿಸ್ಟರ್ ನಗಲಿಲ್ಲ. ಗಾರೆ ಹೀರಿದ ಬಣ್ಣವನ್ನು ತಿದ್ದಲು ಬರುವುದಿಲ್ಲ. ಕರಣೆ ತೆಗೆದುಕೊಂಡು ಆ ದಿನದ ಕೆಲಸವನ್ನೆಲ್ಲ ಕೆರೆದು ಹಾಕಿದರು. ಭಾನುವಾರ ನನ್ನನ್ನು ಕರೆದುಕೊಂಡು ಬಂಡೂರಿಗೆ ನಡೆದು, ಸಂಜೆಯವರೆಗೆ ಕುರಿಯ ಕಾಲು ಬರೆದರು. ಸೋಮವಾರ ಹೊಸ ಗಾರೆ.

ಚಿತ್ರ ಮುಗಿದ ಮರುವರ್ಷವೇ ಅವರನ್ನು ಬೇರೆ ಊರಿಗೆ ಕಳಿಸಿದರು. ಇನ್ನೊಂದು ಗೋಡೆ ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ಇದ್ದದ್ದು ಇದೊಂದೇ.

ನಾನು ತಲುಪಿದಾಗ ಪುಟ್ಟಿ ಮೂಟೆಗಳು ಬಂದಿಳಿದಿದ್ದವು. ಪೇಂಟಿಂಗ್ ಕಂಟ್ರಾಕ್ಟರ್ ಏಣಿ ಒರಗಿಸುತ್ತಿದ್ದ. ಈಗಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು.

"ಗೋಡೆ ಪೂರಾ ಬಿರುಕು ಬುಟ್ಟದೆ ಅಜ್ಜಿ" ಎಂದ ಕಂಟ್ರಾಕ್ಟರ್. "ಮಕ್ಕಳ ತಲೆ ಮ್ಯಾಲೆ ಬಿದ್ರೆ ನೀವ್ ಬತ್ತೀರಾ?"

"ಅಜ್ಜಿ ನಿಮ್ಮ ಮನೇಲಿ. ನಾನು ಮೂವತ್ತು ವರ್ಷ ಡ್ರಾಯಿಂಗ್ ಟೀಚರ್."

"ಆಯ್ತು ಟೀಚರ್. ಅದ್ಕೇ ಬಿರುಕು ಮುಚ್ಕೊಂಡುಬುಡ್ತದಾ?"

"ಬಿರುಕಲ್ಲ ಅದು. ಕರಣೆ ಹಿಡಿಯಿಂದ ಈ ಕಡೆ ತಟ್ಟು. ಈಗ ಆ ಕಡೆ."

ತಟ್ಟಿದ. ಎರಡೂ ಕಡೆ ಗಟ್ಟಿ ಸದ್ದು, ಎಲ್ಲೂ ಪೊಳ್ಳಿಲ್ಲ. ಏಣಿ ಹತ್ತಿ ಇನ್ನೊಂದು ಗೆರೆಯ ಬಳಿ ತಾನಾಗಿಯೇ ತಟ್ಟಿ ನೋಡಿದ. ಪ್ರತಿ ಗೆರೆಯೂ ಒಂದು ಬೆಳಗಿನ ಕೆಲಸ ನಿಂತ ಜಾಗ ಎಂದು ಹೇಳಿದೆ. ಕುರಿಗಳ ಸುತ್ತ ಕೆರೆದು ಮತ್ತೆ ಹಚ್ಚಿದ ಜಾಗವನ್ನೂ ಬೆರಳಿಟ್ಟು ತೋರಿಸಿದೆ.

"ನಮ್ಮಪ್ಪನೂ ಗಾರೆ ಕೆಲ್ಸದೋರೇ" ಎಂದು ಅವನು ಏಣಿ ಇಳಿದ. "ಇಂಥ ಗಾರೆ ಈಗ ಯಾರ್ ಮಾಡ್ತಾರೆ ಬುಡಿ. ಇದು ಬೀಳಾಕಿಲ್ಲ ಸಿಸ್ಟರ್."

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮುಖ ಸಣ್ಣದಾಯಿತು. "ಬಿರುಕು ಒಂದೇ ಅಲ್ಲ ಟೀಚರ್. ಶಾಲೆಯ ವಾರ್ಷಿಕ ಸಮಾರಂಭಕ್ಕೆ ಹಾಲ್ ಹೊಸದಾಗಿ ಕಾಣಬೇಕು ಅಂತ ಶಾಲಾ ಕಮಿಟಿ ತೀರ್ಮಾನ. ಇದರ ಫೋಟೋ ತೆಗೆಸಿ ಫ್ಲೆಕ್ಸ್ ಹಾಕಿಸ್ತೀವಿ."

"ಫ್ಲೆಕ್ಸಿಗೆ ಇನ್ನೂ ಮೂರು ಗೋಡೆ ಇವೆ" ಎಂದೆ.

ಒಂದು ಕುರ್ಚಿ ಎಳೆದು ಚಿತ್ರಕ್ಕೆ ಬೆನ್ನು ಕೊಟ್ಟು ಕುಳಿತೆ. ಸಿಸ್ಟರ್ ಬೇಡಿಕೊಂಡರು, ಗದರಿದರು, ಕಾಫಿ ಕಳಿಸಿದರು. ಕಾಫಿ ಕುಡಿದೆ, ಏಳಲಿಲ್ಲ. ಊಟದ ಗಂಟೆಗೆ ಹುಡುಗಿಯರು ಬಂದರು. "ಅಜ್ಜೀನೂ ಗೋಡೆಗೇ ಅಂಟ್ಸವ್ರೆ ಕಣೇ!" ಎಂದು ಒಬ್ಬಳು ಪಿಸುಗುಟ್ಟಿದಳು. ಅವಳಿಗೆ ನೆಟ್ಟಗೆ ಕೂರು ಎಂದೆ. ಕೂತಳು.

ಮೂರು ಗಂಟೆಗೆ ಸಿಸ್ಟರ್ ಫೋನಿನಲ್ಲಿ ಯಾರೊಡನೆಯೋ ಮಾತಾಡಿ ಬಂದರು. ಉಳಿದ ಮೂರು ಗೋಡೆಗೆ ಪುಟ್ಟಿ. ಇದನ್ನು ಕಮಿಟಿ ಸಭೆಯಲ್ಲಿ ಕೇಳುವವರೆಗೆ ಮುಟ್ಟುವುದಿಲ್ಲ.

"ಬರೆದು ಕೊಡಿ" ಎಂದೆ.

ಬರೆದು ತಂದರು. 'ಊಟದ ಹಾಲಿನ ಗೋಡೆಯ ಹಳೆಯ ಅಲಂಕಾರವನ್ನು ಸದ್ಯಕ್ಕೆ ಉಳಿಸಲಾಗುವುದು.' ಕಾಗದ ವಾಪಸು ಕೊಟ್ಟೆ. ಹೂಜಿಯ ಸುತ್ತ ಬಳ್ಳಿ ಬರೆದರೆ ಅಲಂಕಾರ. ಇದು ಚಿತ್ರ. ಆ ಪದ ಹೊಡೆದುಹಾಕಿ ಹಾಗೆಂದೇ ಬರೆಯಬೇಕು, ಬರೆದವರು ಯಾರೆಂದೂ ಬರೆಯಬೇಕು ಎಂದೆ.

"ಅವರ ಹೆಸರು ನಮ್ಮಲ್ಲಿ ಎಲ್ಲೂ ದಾಖಲಾಗಿಲ್ಲ ಟೀಚರ್."

ನಾನು ಹೇಳಿದೆ, ಮನೆತನದ ಹೆಸರು ಸಮೇತ. ಅವರು ಎರಡು ಸಲ ಕೇಳಿ ಬರೆದುಕೊಂಡು, ಸೀಲು ಹಾಕಿದರು.

ಸಭೆ ಬರುವ ಶನಿವಾರ ಹತ್ತೂವರೆಗೆ. ನನ್ನನ್ನು ಯಾರೂ ಕರೆದಿಲ್ಲ. ಹತ್ತಕ್ಕೇ ಅಲ್ಲಿರುತ್ತೇನೆ.