ವಾರದ ಮನೆಯ ಸಾಫ್ಟ್‌ಬಾಲ್

ಕಳೆದ ವಾರ ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಪರಿಚಯದವರು ಯಾರೂ ಎದುರಾಗದಿರಲಿ ಎಂದುಕೊಳ್ಳುತ್ತ ಬೇವಿನ ಗಿಡದ ಕೆಳಗೆ ಚಪ್ಪಲಿ ಹೊಲಿಯುವ ಸಾಬಣ್ಣನ ಹತ್ತಿರ ಹೋದೆ. ಅವನು ಯಾರದೋ ಹಳೆಯ ಬೂಟಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಬಿಸಿಲಿಗೆ ಕಾದ ಚರ್ಮ, ಅದರ ಮೇಲೆ ಕೊಬ್ಬರಿ ಎಣ್ಣೆ. ನಿಮಗೆ ಆ ವಾಸನೆ ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಅದು ನಮ್ಮ ಮನೆಯ ಪಡಸಾಲೆಯ ವಾಸನೆ. ಎರಡು ಚಳಿಗಾಲ, ಶುಕ್ರವಾರ ಸಂಜೆಯಾದರೆ ಸಾಕು, ದೇವಮ್ಮ ಅಲ್ಲಿ ಕಂಬಕ್ಕೆ ಒರಗಿ ಕೂತು ತನ್ನ ಚರ್ಮದ ಗ್ಲೌಸಿಗೆ ಎಣ್ಣೆ ತಿಕ್ಕುತ್ತಿದ್ದಳು, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ, ಬೆರಳು ಬೆರಳಿನ ಸಂದಿಗೂ.

ಸಾಬಣ್ಣ ನನ್ನನ್ನು ಗುರುತಿಸಿದ.

“ಅಕ್ಕಾರ, ನಿಮ್ಮ ಮನ್ಯಾಗ ಉಳೀತಿದ್ಲಲ್ರಿ ದೇವಮ್ಮ, ಚೆಂಡು ಹೊಲಿಸ್ಕೊಳ್ಳಾಕ ನನ್ನ ಕಡೆ ಬರ್ತಿದ್ಲು. ಈಗ ಕೆಂಭಾವ್ಯಾಗ ಹುಡುಗ್ಯಾರ ಹಾಸ್ಟೆಲ್ನ್ಯಾಗ ಅಡಗಿ ಮಾಡಾಕತ್ತಾಳಂತ.”

“ಹೌದಾ?” ಎಂದೆ.

“ಏನ್ ಒಗೀತಿದ್ಲರೀ ಚೆಂಡು! ನನ್ನ ಹೊಲಿಗಿ ಕಿತ್ತು ಬರಂಗ ಒಗೀತಿದ್ಲು. ವಾರಕ್ಕೊಮ್ಮಿ ಮತ್ತ ತರ್ತಿದ್ಲು. ನಾ ಬೈತಿದ್ದೆ.”

ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಅವತ್ತಿನಿಂದ ಈ ವಿಷಯ ತಲೆಯಿಂದ ಇಳಿದಿಲ್ಲ. ಹಾಗಾಗಿ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಲೀಗ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಇತ್ತು. ಯಾದಗಿರಿ, ಶಹಾಪುರ, ಸುರಪುರ, ಮೂರೇ ತಂಡ. ಆಡಿದವರಿಗೆ ಪಂದ್ಯಕ್ಕೆ ಇಷ್ಟು ಎಂದು ಸಂಭಾವನೆ ಕೊಡುತ್ತಿದ್ದರು. ಅದಕ್ಕೇ ಎಲ್ಲರೂ ಬೆರಗಾದದ್ದು. ಹೆಣ್ಣುಮಕ್ಕಳು ಆಡುವುದೇ ಒಂದು, ಆಡಿದ್ದಕ್ಕೆ ಸಂಬಳ ಬೇರೆ! ನಿವೃತ್ತರಾದ ಶರಣಪ್ಪ ಮಾಸ್ತರರು, ನಮ್ಮ ಊರಿನ ಡ್ರಿಲ್ ಮಾಸ್ತರರು, ಇದನ್ನು ಹುಟ್ಟುಹಾಕಿದವರು. ಕಬಡ್ಡಿ, ಖೋಖೋ ಗೊತ್ತಿದ್ದ ಜನ ಮೊದಲ ದಿನ ಕಟ್ಟೆಯ ಮೇಲೆ ಕೂತು ನಕ್ಕರು. ಕ್ರಿಕೆಟ್ ಚೆಂಡಿಗಿಂತ ದಪ್ಪ ಚೆಂಡು, ಅದನ್ನು ಮೇಲಿಂದಲ್ಲ, ಕೆಳಗಿನಿಂದ ತೋಳು ಸುತ್ತಿ ಒಗೆಯಬೇಕು. “ಬಾವ್ಯಾಗ ಕೊಡಾ ಬಿಟ್ಟಂಗ ಒಗೀತಾರಲ್ಲೋ!” ಎಂದು ಒಬ್ಬರು ಕೂಗಿದರು. ದೇವಮ್ಮನ ಮೊದಲ ಚೆಂಡು ಹಿಡಿಯುವವಳ ಗ್ಲೌಸಿಗೆ ಬಡಿದಾಗ ಪಟಾಕಿಯ ಸದ್ದಾಯಿತು. ಅವರು ಮತ್ತೆ ಕೂಗಲಿಲ್ಲ.

ಆದರೆ ಲೀಗ್ ನಡೆಸುವುದು ಚೆಂಡು ಒಗೆದಷ್ಟು ಸಲೀಸಲ್ಲ. ಪಂದ್ಯಗಳೆಲ್ಲ ನಮ್ಮ ಊರಲ್ಲೇ, ಮೈದಾನ ಎಂದರೆ ಕರಿಮಣ್ಣಿನ ಬಯಲು. ಒಂದು ಶನಿವಾರ ನಮ್ಮದು, ಮತ್ತೊಂದು ಶನಿವಾರ ಯಾರದೋ ಪಕ್ಷದ ಸಭೆಯದು. ಓಡಿ ಮುಟ್ಟಬೇಕಾದ ಬೇಸ್ ಎನ್ನುವ ಮೆತ್ತೆಗಳ ಬದಲು ಗೊಬ್ಬರದ ಚೀಲಕ್ಕೆ ಉಸುಕು ತುಂಬಿ ಹೊಲಿದಿದ್ದರು. ಹತ್ತಿ ಬಿಡಿಸುವ ಸುಗ್ಗಿ ಬಂದರೆ ಅರ್ಧ ಆಟಗಾರ್ತಿಯರು ಹೊಲದಲ್ಲಿ. ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು, ಮರುದಿನ ನೋಡಿದರೆ ಗೆಲುವಿನ ಸುದ್ದಿ ಶ್ರದ್ಧಾಂಜಲಿಗಳ ಪಕ್ಕದಲ್ಲಿ ಎರಡು ಸಾಲು. ಇವೆಲ್ಲವನ್ನೂ ಮಾಸ್ತರರು ಹೇಗೋ ನಿಭಾಯಿಸಿದರು. ನಿಭಾಯಿಸಲಾಗದ್ದು ಒಂದೇ: ಬೇರೆ ಊರಿನಿಂದ ಬಂದ ಹೆಣ್ಣುಮಕ್ಕಳನ್ನು ಎಲ್ಲಿ ಇರಿಸುವುದು? ಬಿಸಿಲು ಏರುವ ಮುಂಚೆ, ಬೆಳಿಗ್ಗೆ ಏಳಕ್ಕೇ ಪಂದ್ಯ ಶುರು. ಅಷ್ಟೊತ್ತಿಗೆ ತಲುಪುವ ಬಸ್ಸು ಹಳ್ಳಿಗಳಿಂದ ಇರಲಿಲ್ಲ. ಶುಕ್ರವಾರವೇ ಬರಬೇಕು, ಭಾನುವಾರ ಸಂಜೆ ಹೋಗಬೇಕು.

ಆಗ ಮಾಸ್ತರರಿಗೆ ತಮ್ಮ ಬಾಲ್ಯ ನೆನಪಾಯಿತು. ಅವರು ಓದಿದ್ದು ವಾರಾನ್ನ ಉಂಡು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಸೇರಿ ಒಬ್ಬ ಬಡ ವಿದ್ಯಾರ್ಥಿಯನ್ನು ಸಾಕುವ ಪದ್ಧತಿ. ಅವರು ನಮ್ಮ ಓಣಿಗೆ ಬಂದು, ಮನೆಮನೆಯ ಕಟ್ಟೆಯ ಮೇಲೆ ಕೂತು ಕೇಳಿದರು: “ಒಂದೊಂದು ಮನಿಗೆ ಇಬ್ಬಿಬ್ಬರು ಹುಡುಗ್ಯಾರು. ಎರಡು ರೊಟ್ಟಿ, ಮಲಗಾಕ ಒಂದು ಚಾಪಿ. ನಿಮಗ ಭಾರ ಆಗಂಗಿಲ್ರಿ ತಾಯಿ.” ಎಂಟು ಮನೆಯವರು ಒಪ್ಪಿದೆವು. ನಮ್ಮ ಮನೆಗೆ ಸುರಪುರ ತಂಡದ ಇಬ್ಬರು ಬಂದರು. ಅವರಲ್ಲಿ ಒಬ್ಬಳು ದೇವಮ್ಮ.

ನಾನು ಕಾನ್ವೆಂಟಿನ ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳು. ಮಾತಾಡುವಾಗ ದನಿ ಏರಿಸಬಾರದು, ಉಣ್ಣುವಾಗ ಸದ್ದು ಮಾಡಬಾರದು, ಪತ್ರ ಬರೆಯುವಾಗ ಎಡಕ್ಕೆ ಎರಡು ಬೆರಳು ಜಾಗ ಬಿಡಬೇಕು ಎಂದು ಕಲಿತವಳು. ದೇವಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕೂತು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹರಡಿ, ಮೊಸರು ಸುರುವಿ, ಸುರುಸುರು ಉಣ್ಣುತ್ತಿದ್ದಳು. ಹಿತ್ತಿಲ ಗೋಡೆಗೆ ಚೆಂಡು ಒಗೆದು ಒಗೆದು ಸುಣ್ಣದ ಮೇಲೆ ತಟ್ಟೆಯಗಲದ ಕರಿ ಗುರುತು ಮಾಡಿದಳು. ಅದೂ ಎಂಥ ಗುರುತು! ಹೊರಗೆ ಒಂದು ಏಟೂ ಚೆಲ್ಲಿರಲಿಲ್ಲ, ಎಲ್ಲವೂ ಒಂದೇ ಕಡೆ.

“ಗ್ವಾಡಿ ಕೆಡಿಸಿಬಿಟ್ಟೆ ನೋಡ್ರಿ ಅಕ್ಕಾ,” ಎಂದಳು ಒಂದು ದಿನ.

“ಇರಲಿ ಬಿಡವಾ.”

“ಮುಂದಿನ ವರ್ಷ ನನ್ನ ಸಂಬಳದಾಗ ಸುಣ್ಣ ಹೊಡಸ್ತೀನಿ.”

ಅದು ಬರೀ ಮಾತಾಗಿರಲಿಲ್ಲ. ಅವಳು ಖಾಸಗಿ ಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದಳು. ಶನಿವಾರ ರಜೆ ಕೊಡುವುದಿಲ್ಲ ಎಂದರು, ಕೆಲಸ ಬಿಟ್ಟಳು. ಬಿಡಲು ಕಾರಣವಿತ್ತು. ಹತ್ತಿ ಮಿಲ್ಲಿನ ಸಾಹುಕಾರರು ಒಬ್ಬರು ಮಾಸ್ತರರಿಗೆ ಮಾತು ಕೊಟ್ಟಿದ್ದರು: “ಎರಡನೇ ವರ್ಷ ಒಂದು ಪಂದ್ಯನೂ ತಪ್ಪದಂಗ ಮುಗಿಸಿ ತೋರಸ್ರಿ. ಮೂರನೇ ವರ್ಷದಿಂದ ಹುಡುಗ್ಯಾರ ಸಂಬಳ, ಇರೂದು, ಉಣ್ಣೂದು ಎಲ್ಲಾ ನಂದು.” ದೇವಮ್ಮನ ಬದುಕು ಆ ಒಂದು ಮಾತಿನ ಮೇಲೆ ನಿಂತಿತ್ತು. ಎರಡನೇ ವರ್ಷ ಮುಗಿಯಲು ಮೂರು ವಾರ ಉಳಿದಿತ್ತು.

ಅದೇ ಹೊತ್ತಿಗೆ ನಮ್ಮ ಮನೆಯವರ ಅಕ್ಕ ಹದಿನೈದು ದಿನ ಇರಲು ಬಂದರು. ಒಳ್ಳೆಯವರೇ. ಆದರೆ ಕಣ್ಣು ಹರಿತ. ಅಂಗಳದಲ್ಲಿ ಕೆಸರು ಮೆತ್ತಿದ ಬೂಟು, ಹಗ್ಗದ ಮೇಲೆ ಒಣಗುವ ಹತ್ತಾರು ಕಾಲುಚೀಲ, ಪಡಸಾಲೆಯಲ್ಲಿ ಎಣ್ಣೆಯ ವಾಸನೆ, ಎಲ್ಲವನ್ನೂ ಸುತ್ತಾಡಿ ನೋಡಿ, “ಏನವಾ, ಇದು ಮನಿಯೋ ಹಾಸ್ಟೆಲ್ಲೋ?” ಎಂದರು. ನಕ್ಕೇ ಹೇಳಿದರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಎಲ್ಲೋ ಹೋಗಿ ಕೂತಿತು.

ನಮ್ಮ ಓಣಿಯಲ್ಲಿ ಪಾಳಿ ತಪ್ಪಿಸಲು ಒಂದು ರೀತಿ ಇತ್ತು. ಹುಡುಗಿಯರನ್ನು ಇರಿಸಿಕೊಂಡ ವಾರದ ಮನೆಯವರು ಎಂದೂ ‘ಇಲ್ಲ’ ಅನ್ನುವುದಿಲ್ಲ. ತೊಂದರೆ ಇದ್ದರೆ ಗೋಡೆಯ ಮೇಲಿಂದ ಪಕ್ಕದ ಮನೆಯವಳಿಗೆ, “ಈ ವಾರ ನೀ ನೋಡ್ಕೋ, ಬರೂ ವಾರ ನಾ ನೋಡ್ತೀನಿ,” ಎಂದರೆ ಮುಗಿಯಿತು. ಮಾಸ್ತರರಿಗೆ ಗೊತ್ತೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ಕಲ್ಲಮ್ಮ ಎರಡು ಸಲ ಹೀಗೆ ನನಗೆ ಒಪ್ಪಿಸಿದ್ದಳು. ನಾನೂ ಹಾಗೇ ಮಾಡಬಹುದಿತ್ತು. ಆದರೆ ಹೊರೆಯನ್ನು ಮತ್ತೊಬ್ಬರ ಮೇಲೆ ಹಾಕುವುದು ಅಸಭ್ಯ ಎನಿಸಿತು. ಗೋಡೆಯ ಮೇಲಿಂದ ಕೂಗುವುದಂತೂ ನನ್ನಿಂದ ಆಗದ ಕೆಲಸ. ಒಂದು ಬಿಳಿ ಹಾಳೆ ತೆಗೆದುಕೊಂಡೆ. ಎಡಕ್ಕೆ ಎರಡು ಬೆರಳು ಜಾಗ ಬಿಟ್ಟೆ. ‘ಮಾನ್ಯರೇ, ಅನಿವಾರ್ಯ ಕಾರಣಗಳಿಂದ ಇನ್ನು ಮುಂದೆ ಆಟಗಾರ್ತಿಯರಿಗೆ ನಮ್ಮ ಮನೆಯಲ್ಲಿ ವಸತಿ ಒದಗಿಸಲು ಸಾಧ್ಯವಾಗುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.’ ಹದಿನೈದು ದಿನದ ಮಾತಿಗೆ ‘ಇನ್ನು ಮುಂದೆ’ ಯಾಕೆ ಬರೆದೆ? ವಾಕ್ಯ ಚೆನ್ನಾಗಿ ಕೂತಿತ್ತು, ಅಷ್ಟೇ. ಬರೆದಾದ ಮೇಲೆ ಒಮ್ಮೆ ಓದಿಕೊಂಡು ನನ್ನನ್ನು ನಾನೇ ಮೆಚ್ಚಿಕೊಂಡೆ.

ಮಾಸ್ತರರು ಆ ಪತ್ರವನ್ನು ಲೀಗಿನ ಬುಧವಾರದ ಸಭೆಯಲ್ಲಿ ಎಲ್ಲರ ಮುಂದೆ ಓದಿದರು. ಬಾಯಿಮಾತು ಆ ವಾರದ್ದು. ಕಾಗದ ಹಾಗಲ್ಲ, ನಮ್ಮ ಕಡೆ ಕಾಗದ ಎಂದರೆ ಕಚೇರಿಯದು, ಕೋರ್ಟಿನದು, ಬರೆದರೆ ಮುಗಿದ ಹಾಗೆ. ನಮ್ಮ ಮನೆಯವರು ಸಭೆಯಿಂದ ಬಂದವರು ಅಂಗಿ ಬಿಚ್ಚುತ್ತ, “ಬಾಯಿಲೆ ಹೇಳಿದ್ರ ಸಾಕಾಗಿತ್ತಲ್ಲ,” ಎಂದರು. ಗುರುವಾರ ಕಲ್ಲಮ್ಮ ಗೋಡೆಯ ಮೇಲಿಂದ ತಲೆ ಹಾಕಿ ಹೇಳಿದಳು:

“ನಾವೂ ಬಿಟ್ವಿ ನೋಡ್ರಿ.”

“ಯಾಕ ಕಲ್ಲಮ್ಮಾ? ನಂದು ಬರೇ ಈ ಹದಿನೈದು ದಿನದ್ದು.”

“ಓದಿದವರು ನೀವ ಬರದು ಕೊಟ್ಟೀರಿ ಅಂದ್ರ ಏನೋ ಇರಬೇಕಂತ ನಮ್ಮ ಮಾಮಾ ಅಂದ್ರು. ಹುಡುಗ್ಯಾರದು ಏನರ ಸುದ್ದಿ ಐತೇನ್ರಿ?”

“ಅಯ್ಯೋ ಇಲ್ಲವಾ! ಏನಿಲ್ಲ!”

“ಅನಿವಾರ್ಯ ಅಂತ ಬರದೀರಂತ,” ಎಂದಳು ಕಲ್ಲಮ್ಮ. ನಂಬಲಿಲ್ಲ. ನಾನು ಮುಚ್ಚಿಡುತ್ತಿದ್ದೇನೆ, ದೊಡ್ಡವಳು, ಅದಕ್ಕೇ ಹೇಳುತ್ತಿಲ್ಲ ಎಂದುಕೊಂಡಳು.

ನಮ್ಮದೂ ಸೇರಿ ಎಂಟರಲ್ಲಿ ಆರು ಮನೆ ಹಿಂದೆ ಸರಿದವು. ಆ ಶುಕ್ರವಾರ ಹುಡುಗಿಯರು ಬರಲಿಲ್ಲ. ಬರಬೇಡಿ ಎಂದು ಮಾಸ್ತರರೇ ಹೇಳಿ ಕಳಿಸಿದ್ದರು. ಪಂದ್ಯ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಮುಂದಕ್ಕೆ ಹೋಯಿತು. ಸಾಹುಕಾರರು ಮಾತಿಗೆ ಮಾತೇ ಎಂದರು. ಮೂರನೇ ವರ್ಷ ಬರಲೇ ಇಲ್ಲ.

ನಾನು ಮಾಸ್ತರರ ಮನೆಗೆ ಹೋಗಿ ಕಾಗದ ವಾಪಸು ಪಡೆಯಬಹುದಿತ್ತು. ಉಳಿದ ಐದು ಮನೆಯ ಬಾಗಿಲಿಗೆ ಹೋಗಿ ಹೇಳಬಹುದಿತ್ತು. ನಮ್ಮ ಮನೆಯವರ ಅಕ್ಕ ಇನ್ನೂ ಇದ್ದರು, ಸಂಕೋಚವಾಯಿತು. ಅವರು ಹೋಗಲಿ ಎಂದುಕೊಂಡೆ. ಅವರು ಹೋಗುವಷ್ಟರಲ್ಲಿ ಎಲ್ಲವೂ ಹೋಗಿತ್ತು. ನಗಬೇಡಿ, ಮರುವರ್ಷ ಮಹಿಳಾ ಮಂಡಳದಲ್ಲಿ ‘ಹೆಣ್ಣುಮಕ್ಕಳ ಕ್ರೀಡೆ ಮತ್ತು ಸಮಾಜದ ನಿರ್ಲಕ್ಷ್ಯ’ ಎಂದು ಭಾಷಣ ಮಾಡಿದವಳೂ ನಾನೇ. ಚಪ್ಪಾಳೆ ಜೋರಾಗಿಯೇ ಬಿದ್ದವು. ಸಮಾಜ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ.

ನಿನ್ನೆ ಕೆಂಭಾವಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಹೇಳಬೇಕಾದ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದೇವಮ್ಮ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಿಂತಿದ್ದಳು. ದಪ್ಪಗಾಗಿದ್ದಾಳೆ. ಕಂಡ ಕೂಡಲೇ, “ಅಕ್ಕಾ! ಬರ್ರಿ ಬರ್ರಿ! ದಾರಿ ತಪ್ಪಿ ಬಂದ್ರೇನು?” ಎಂದು ನಕ್ಕಳು, ಮಣೆ ಹಾಕಿದಳು. ನಾನು ಜೋಡಿಸಿದ ವಾಕ್ಯಗಳೆಲ್ಲ ಮರೆತುಹೋದವು.

“ದೇವಮ್ಮಾ, ಆ ಕಾಗದ ಬರದದ್ದು ನಾನ.”

“ಗೊತ್ತೈತ್ರಿ. ಮಾಸ್ತರ್ರು ತೋರಿಸಿದ್ರು. ಅಕ್ಷರ ಭಾಳ ಚಂದ ಇದ್ವು.”

ಅವಳು ಚುಚ್ಚಲಿಲ್ಲ. ನಿಜವಾಗಿಯೂ ಅಕ್ಷರದ ಬಗ್ಗೆಯೇ ಹೇಳಿದಳು. ಒಂದು ಮುದ್ದೆ ಹಿಟ್ಟನ್ನು ಅಂಗೈಯಲ್ಲಿ ತಿರುಗಿಸಿದಳು. ಆಮೇಲೆ ಹೇಳಿದಳು:

“ಒಂದ ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಿಮಗ ಮನಿ ಚಿಂತಿ, ಮಾಸ್ತರ್‌ಗೆ ಮರ್ಯಾದಿ ಚಿಂತಿ. ಹುಡುಗ್ಯಾರ್ನ ಎಲ್ಲಿ ಇಡೂದಂತ ಎಲ್ಲಾರೂ ಮೀಟಿಂಗ್ ಮಾಡಿದ್ರಿ. ನಮ್ಮನ್ನ ಒಬ್ಬರರ ಕೇಳಿದ್ರೇನು? ನಾವು ಶಾಲಿ ವರಾಂಡದಾಗ ಮಲಗ್ತಿದ್ವಿ. ಚುರಮರಿ ತಿಂದು ಆಡ್ತಿದ್ವಿ. ಬರೇ ಮೂರ ವಾರ ಉಳಿದಿತ್ತಲ್ರೀ ಅಕ್ಕಾ, ಮೂರ ವಾರ.”

ಇಷ್ಟು ವರ್ಷ ನಾನು ಕೊರಗಿದ್ದು ನನ್ನ ಆತಿಥ್ಯ ತಪ್ಪಿತು ಎಂದು. ಅವಳಿಗೆ ಆ ಆತಿಥ್ಯ ಬೇಕೇ ಇರಲಿಲ್ಲ. ಬೇಕಾಗಿದ್ದದ್ದು ಆಟ. ನಾವು ಎಂಟು ಮನೆಯವರು ಅದನ್ನು ನಮ್ಮ ಮನೆಯ ವಿಷಯ ಎಂದುಕೊಂಡು, ಕೊಟ್ಟು, ಆಮೇಲೆ ಸಭ್ಯವಾಗಿ ಹಿಂದಕ್ಕೆ ಪಡೆದಿದ್ದೆವು.

“ಈಗ ಯಾರರ ಮತ್ತ ಸುರು ಮಾಡಿದ್ರ ಆಡ್ತೀ ಏನವಾ?” ಎಂದು ಕೇಳಿದೆ. ಎಷ್ಟು ತಡವಾಗಿ ಕೇಳುತ್ತಿದ್ದೇನೆ ಎಂಬುದು ಕೇಳಿದ ಮೇಲೆ ಹೊಳೆಯಿತು.

ಅವಳು ಜೋರಾಗಿ ನಕ್ಕಳು. “ಏನ್ ಆಡ್ತೀನ್ರಿ! ದಿನಾ ಇಷ್ಟಿಷ್ಟ ದೊಡ್ಡ ಬೋಗುಣಿ ಎತ್ತಿ ಎತ್ತಿ ಭುಜಾನ ಹೋಗೈತಿ. ಚಾ ಮಾಡ್ತೀನಿ ಕೂಡ್ರಿ.”

ಸಕ್ಕರೆಯ ಡಬ್ಬ ಮೇಲಿನ ಹಲಗೆಯ ಮೇಲಿತ್ತು. ಅವಳು ಬಲಗೈ ಎತ್ತಿದಳು. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. ನನಗೆ ಕಾಣದಿರಲಿ ಎಂಬಂತೆ ಬೇಗ ಇಳಿಸಿ ಎಡಗೈ ಚಾಚಿದಳು.

ನಾನು ಮಣೆಯಿಂದ ಎದ್ದು ಡಬ್ಬ ಇಳಿಸಿಕೊಟ್ಟೆ.