ಮೂರು ಗ್ರಾಂ ಉಪ್ಪು

ಮಾವನವರ ಹೃದಯ ದುರ್ಬಲವಾಗಿದೆ ಎಂದ ಹುಬ್ಬಳ್ಳಿಯ ಡಾಕ್ಟರು, ಅವರ ಊಟಕ್ಕೆ ಇಡೀ ದಿನಕ್ಕೆ ಮೂರೇ ಗ್ರಾಂ ಉಪ್ಪು ಹಾಕಬೇಕೆಂದು ನನಗೆ ಹೇಳಿ ಕಳಿಸಿದರು. ಹೆಚ್ಚಾದರೆ ಮೈಯಲ್ಲಿ ನೀರು ತುಂಬುತ್ತದಂತೆ. ಯರಗುಪ್ಪಿಯ ನಮ್ಮ ಮನೆಯಲ್ಲಿ ಜೋಳ ಅಳೆಯಲು ಸೇರು ಇತ್ತು. ಉಪ್ಪನ್ನು ಮಾತ್ರ ಅತ್ತೆ ಬೆರಳಲ್ಲೇ ಎತ್ತಿ ಹಾಕುತ್ತಿದ್ದರು. ಗ್ರಾಂ ಲೆಕ್ಕ ನಮ್ಮ ಅಡುಗೆಮನೆಗೆ ಗೊತ್ತಿರಲಿಲ್ಲ.

ಮರುದಿನ ಒಂದಿಷ್ಟು ಹರಳುಪ್ಪು, ಒಂದು ಸಣ್ಣ ಚಮಚ ಹಿಡಿದುಕೊಂಡು ನಮ್ಮ ಓಣಿಯ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅಷ್ಟು ಸಣ್ಣ ತೂಕ ತೋರಿಸುವ ತಕ್ಕಡಿ ಅವರ ಬಳಿ ಮಾತ್ರ ಇತ್ತು.

“ಕಾಕಾ, ಮೂರು ಗ್ರಾಂ ಉಪ್ಪು ತೂಗಿ ಕೊಡ್ರಿ.”

ಅವರು ನಗಲಿಲ್ಲ. ಕಾಗದ ಹಾಸಿ ತೂಗಿ, ಆ ಉಪ್ಪನ್ನು ಚಮಚಕ್ಕೆ ಸುರಿದರು. ಅಂಚಿಗೆ ಸಮವಾಗಿ ನಿಂತಿತು. “ದಿನಾ ಇಷ್ಟ ಹಾಕವಾ,” ಎಂದರು.

ಕೆಲವು ತಿಂಗಳು ಮಾವ ಚೆನ್ನಾಗಿದ್ದರು. ಮಳೆಗಾಲದಲ್ಲಿ ಅವರ ಪಾದಗಳು ಊದಿಕೊಂಡವು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂಡತೊಡಗಿದರು. ನನ್ನ ಅನುಮಾನ ಅತ್ತೆಯ ಮೇಲೆ ಹೋಯಿತು.

“ಅತ್ತಿ, ಮಾವಾರಿಗೆ ಉಪ್ಪಿನಕಾಯಿ ಕೊಟ್ಟೀರೇನ್ರಿ?”

“ನಾ ಯಾಕ ಕೊಡ್ಲಿ? ಅವರು ಉಳೀಬೇಕಂತ ನನಗಿಲ್ಲೇನು?”

“ಮತ್ತ ಬಾವು ಹೆಂಗ ಬಂತ್ರಿ?”

ನಾನು ಉಪ್ಪಿನಕಾಯಿ ಭರಣಿಗಳನ್ನು ಅತ್ತೆಯ ಕಣ್ಣೆದುರೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಆ ದಿನ ಅತ್ತೆ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಚಮಚಕ್ಕೆ ಉಪ್ಪು ತುಂಬಿ ಬೆರಳಿಂದ ಅಂಚಿಗೆ ಸಮ ಮಾಡುತ್ತಿದ್ದಾಗ ನನ್ನ ಕೈ ನಿಂತಿತು. ಹರಳುಪ್ಪು ಮಳೆಗೆ ನೀರು ಬಿಟ್ಟಿತ್ತೆಂದು ಹತ್ತು ದಿನದ ಹಿಂದೆ ನಾನೇ ಪುಡಿ ಉಪ್ಪಿನ ಪಾಕೀಟು ತಂದಿದ್ದೆ. ಚಮಚ ಮುಚ್ಚಿಕೊಂಡು ಅಕ್ಕಸಾಲಿಗರ ಅಂಗಡಿಗೆ ಓಡಿದೆ.

“ಐದು ಗ್ರಾಂ ದಾಟೇತಿ, ತಂಗಿ.”

“ಚಮಚ ಅದ ಐತ್ರಿ, ಕಾಕಾ.”

“ಚಮಚ ಅದ. ಹರಳಿನ ನಡುವ ಸಂದಿ ಇರ್ತಾವ. ಪುಡಿ ಒತ್ತಾಗಿ ಕೂಡತೈತಿ.”

ಹತ್ತು ದಿನ ನನ್ನ ಕೈಯಾರೆ ಹಾಕಿದ್ದೆ.

ಕೂಡಲೇ ಗಾಡಿ ಮಾಡಿಕೊಂಡು ಮಾವನವರನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವರ ಎದೆಯ ಗೊರಗೊರ ಸದ್ದು ಕೇಳುತ್ತಿತ್ತು. ಡಾಕ್ಟರು ಸೇರಿಸಿಕೊಂಡು ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯ ಪಕ್ಕ ಕುಳಿತು ಎಲ್ಲ ಹೇಳಿದೆ. “ತಪ್ಪು ನಂದ್ರಿ.”

ಅತ್ತೆ, “ನನ್ನ ಮುಂದ ಕೀಲಿ ಹಾಕಿದಿ,” ಎಂದರು. ಅಷ್ಟೇ.

ನಾಲ್ಕನೆಯ ದಿನಕ್ಕೆ ಬಾವು ಇಳಿಯಿತು. ಮಾವನವರನ್ನು ಮನೆಗೆ ಕರೆತಂದೆವು. ನನ್ನ ಗಂಡ ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ ತಂದರು. ಓದು ಬಾರದ ಅತ್ತೆ ಅದರ ಅಂಕಿಗಳನ್ನು ಎರಡೇ ದಿನದಲ್ಲಿ ಕಲಿತರು. ಈಗ ದಿನಾ ಅವರೇ ತೂಗುತ್ತಾರೆ. ನಾನು ಕೈ ಚಾಚಿದರೆ “ನೀ ಬ್ಯಾಡ” ಎನ್ನುತ್ತಾರೆ. ಅದು ಸಿಟ್ಟೋ, ಕಾಳಜಿಯೋ ತಿಳಿಯದು. ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.